ಲಾನ್ ಕೆರೆಯುವ ಮೊದಲು ಒಂದು ತುಂಡು ಕತ್ತರಿಸಿ ನೋಡಿ

ಲಾನ್ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಎರಡೇ ಕಡೆ ಬಂದು ನಿಲ್ಲುತ್ತವೆ. ಒಂದು, ಬುಡದಲ್ಲಿ ಕಟ್ಟಿಕೊಳ್ಳುವ ಒಣ ನಾರು. ಇನ್ನೊಂದು, ಪಾಚಿ. ಉತ್ತರ ಬರುವುದರೊಳಗೆ ಎಷ್ಟೋ ಜನ ಯಂತ್ರ ತಂದು ಕೆರೆದೂ ಆಗಿರುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ: ಲಾನ್ ಮೇಲೆ ಕಾಲಿಟ್ಟರೆ ಸ್ಪಂಜಿನ ಹಾಗೆ ಕುಸಿಯುತ್ತದೆ. ನೀರು ಒಳಗೆ ಇಳಿಯುವುದಿಲ್ಲ. ಬುಡದಲ್ಲಿ ಕಂದು ನಾರು ತುಂಬಿದೆ. ಯಂತ್ರ ಬಾಡಿಗೆಗೆ ತಂದು ಒಂದೇ ಸಲಕ್ಕೆ ಪೂರ್ತಿ ಕೆರೆದು ತೆಗೆಯಲೇ?

ಬೇಡ. ಮೊದಲು ಅಳೆಯಿರಿ.

ಹರಿತವಾದ ಚಾಕು ತೆಗೆದುಕೊಂಡು ಲಾನಿನ ಮೂರು ನಾಲ್ಕು ಕಡೆ ಏಳೆಂಟು ಸೆಂಟಿಮೀಟರ್ ಆಳಕ್ಕೆ ಕತ್ತರಿಸಿ, ತುಂಡನ್ನು ಎತ್ತಿ ಪಕ್ಕದಿಂದ ನೋಡಿ. ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ನಾರಿನ ಕಾಲೊರಸಿನಂತೆ ಹೆಣೆದುಕೊಂಡ ಒಂದು ಪದರ. ಅದೇ ಥ್ಯಾಚ್. ಹುಲ್ಲಿನ ಕಾಂಡ, ನೆಲದ ಮೇಲೆ ಹಬ್ಬುವ ಬಳ್ಳಿ, ಬೇರು, ಸತ್ತದ್ದು, ಬದುಕಿದ್ದು ಎಲ್ಲ ಅದರಲ್ಲಿರುತ್ತದೆ. ಸ್ಕೇಲ್ ಇಟ್ಟು ನೋಡಿ. ಸುಮಾರು 1.25 ಸೆಂಟಿಮೀಟರ್, ಅಂದರೆ ಅರ್ಧ ಇಂಚಿನ ಒಳಗಿದ್ದರೆ ಮುಟ್ಟಲೇಬೇಡಿ. ಅಷ್ಟು ಪದರ ಹುಲ್ಲಿಗೆ ಬೇಕು. ಬಿಸಿಲಿಗೆ ಮಣ್ಣು ಕಾಯದಂತೆ, ತೇವ ಬೇಗ ಆರದಂತೆ, ತುಳಿತದ ಪೆಟ್ಟು ಬುಡಕ್ಕೆ ಬೀಳದಂತೆ ಅದು ಕಾಯುತ್ತದೆ. ಕಸ ಅಂದುಕೊಂಡು ಅದನ್ನು ಕಿತ್ತು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅರ್ಧ ಇಂಚು ಮೀರಿದ್ದರೆ ತುಂಡನ್ನು ಇನ್ನೊಮ್ಮೆ ನೋಡಿ. ಬಿಳಿ ಬೇರುಗಳು ಮಣ್ಣಿಗೆ ಇಳಿದಿವೆಯೋ, ನಾರಿನಲ್ಲೇ ಸುತ್ತಿಕೊಂಡು ಕೂತಿವೆಯೋ? ಎಲ್ಲ ಇರುವುದು ಇದರಲ್ಲೇ. ಬೇರು ನಾರಿನೊಳಗೇ ಇದ್ದರೆ ಯಂತ್ರ ನಾರಿನ ಜೊತೆ ಹುಲ್ಲನ್ನೂ ಕಿತ್ತು ತರುತ್ತದೆ. ಐದು ಸೆಂಟಿಮೀಟರ್ ದಪ್ಪ ಥ್ಯಾಚ್ ಇದ್ದ ಲಾನೊಂದನ್ನು ಬಹಳ ಹಿಂದೆ ನಾನೇ ಒಂದೇ ದಿನದಲ್ಲಿ ಕೆರೆಸಿದ್ದೆ. ಸಂಜೆ ಹೊತ್ತಿಗೆ ಅಲ್ಲಿ ಉಳಿದದ್ದು ಮಣ್ಣು, ಅಲ್ಲೊಂದು ಇಲ್ಲೊಂದು ಹುಲ್ಲಿನ ಗೊಂಚಲು. ಅದು ಮತ್ತೆ ಮುಚ್ಚಿಕೊಳ್ಳಲು ಎರಡು ವರ್ಷ ಹಿಡಿಯಿತು. ಆಮೇಲಿಂದ ದಪ್ಪ ಪದರವನ್ನು ಒಂದೇ ಸಲ ತೆಗೆಯಲು ನಾನು ಯಾರಿಗೂ ಹೇಳಿಲ್ಲ. ಎರಡು ಮೂರು ಋತುಗಳಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಿರಿ.

ಯಾವಾಗ ತೆಗೆಯಬೇಕು? ಹುಲ್ಲು ಭರದಿಂದ ಬೆಳೆಯುವಾಗ ಮಾತ್ರ. ಗರಿಕೆ, ಜೋಯ್ಸಿಯಾದಂಥ ಸೆಕೆ ಇಷ್ಟಪಡುವ ಜಾತಿಯಾದರೆ ಚಳಿ ಕಳೆದು ಪೂರ್ತಿ ಹಸಿರಾದ ಮೇಲೆ. ಫೆಸ್ಕ್ಯೂ, ಬ್ಲೂಗ್ರಾಸ್‌ನಂಥ ತಂಪು ಹವೆಯ ಜಾತಿಯಾದರೆ ಬೇಸಿಗೆಯ ಕಾವು ಇಳಿದ ಕೂಡಲೇ. ಕೆರೆದ ಮೇಲೆ ಒಂದೂವರೆ ತಿಂಗಳಾದರೂ ಒಳ್ಳೆಯ ಬೆಳವಣಿಗೆಯ ಕಾಲ ಮುಂದಿರಬೇಕು. ಸುಡುಬಿಸಿಲಿನಲ್ಲಿ ಅಥವಾ ಹುಲ್ಲು ಬಾಡಿರುವಾಗ ಕೆರೆದರೆ ಅದು ಚೇತರಿಸಿಕೊಳ್ಳುವುದಿಲ್ಲ. ಪುಟ್ಟ ಜಾಗಕ್ಕೆ ಸ್ಪ್ರಿಂಗ್ ಹಲ್ಲಿನ ರೇಕ್ ಸಾಕು. ಯಂತ್ರವೇ ಆಗಬೇಕಿದ್ದರೆ ಬ್ಲೇಡನ್ನು ಮೇಲಿಟ್ಟು ಶುರು ಮಾಡಿ, ಮೂಲೆಯೊಂದರಲ್ಲಿ ಒಂದು ಗೀಟು ಎಳೆದು ನೋಡಿ. ಹಸಿರು ಬಳ್ಳಿಯೇ ರಾಶಿ ರಾಶಿ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ನನ್ನನ್ನು ಕೇಳಿದರೆ ಕೆರೆಯುವುದಕ್ಕಿಂತ ತೂತು ಹೊಡೆಯುವುದೇ ವಾಸಿ. ಮಣ್ಣಿನ ಉಂಡೆಯನ್ನೇ ಎತ್ತಿ ಹಾಕುವ ಟೊಳ್ಳು ಹಲ್ಲಿನ ಏರೇಟರ್ ಬಳಸಿ, ಐದರಿಂದ ಏಳು ಸೆಂಟಿಮೀಟರ್ ಆಳಕ್ಕೆ. ಮೇಲೆ ಬಿದ್ದ ಉಂಡೆಗಳನ್ನು ಗುಡಿಸಬೇಡಿ. ಒಣಗಿದ ಮೇಲೆ ಪುಡಿ ಮಾಡಿ ಅಲ್ಲೇ ಹರಡಿ. ಆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೇ ನಾರನ್ನು ಕೊಳೆಸುತ್ತವೆ. ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಜರಡಿ ಹಿಡಿದ ಕಾಂಪೋಸ್ಟ್ ಹಾಕಿ. ಹುಲ್ಲಿನ ತುದಿ ಕಾಣುತ್ತಿರಬೇಕು.

ನಾರು ಸೇರಿದ್ದು ಯಾಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ! ಕೊಳೆಯುವುದಕ್ಕಿಂತ ಬೇಗ ಬೆಳೆದರೆ ನಾರು ಸೇರುತ್ತದೆ, ಅಷ್ಟೇ. ಹಸಿರು ಬರಲಿ ಅಂತ ಯೂರಿಯಾ ಸುರಿಯುತ್ತೀರಿ. ಹುಳ ಸಾಯಲಿ ಅಂತ ವಿಷ ಹೊಡೆಯುತ್ತೀರಿ, ಜೊತೆಗೆ ಎರೆಹುಳವೂ ಸಾಯುತ್ತದೆ. ದಿನಾ ಚೂರು ಚೂರು ನೀರು ಚಿಮುಕಿಸುತ್ತೀರಿ, ಬೇರು ಮೇಲೇ ಉಳಿಯುತ್ತದೆ. ಈ ಮೂರನ್ನು ಬಿಡದೆ ಎಷ್ಟು ಕೆರೆದರೂ ನಾರು ಮತ್ತೆ ಕಟ್ಟುತ್ತದೆ.

ಪ್ರಶ್ನೆ: ಕತ್ತರಿಸಿದ ಹುಲ್ಲನ್ನು ಲಾನ್ ಮೇಲೆ ಬಿಟ್ಟರೆ ಥ್ಯಾಚ್ ಆಗುತ್ತದಂತೆ, ಹೌದಾ?

ಸುಳ್ಳು. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರೇ ಇರುತ್ತದೆ, ಬೇಗ ಕೊಳೆತು ಗೊಬ್ಬರವಾಗುತ್ತದೆ. ಮುದ್ದೆ ಮುದ್ದೆಯಾಗಿ ಬೀಳದಂತೆ ನೋಡಿಕೊಳ್ಳಿ, ಸಾಕು.

ಪ್ರಶ್ನೆ: ಸಿಂಪಡಿಸಿದರೆ ಥ್ಯಾಚ್ ಕರಗಿಸುವ ದ್ರಾವಣ ಬರುತ್ತದಲ್ಲ, ಹೇಗೆ?

ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಪಾಚಿಗೆ ಉಪ್ಪು, ಬ್ಲೀಚಿಂಗ್ ಪುಡಿ ಹಾಕಬಹುದಾ? ಸುಣ್ಣ ಹಾಕಿದರೆ ಹೋಗುತ್ತದೆ ಅನ್ನುತ್ತಾರೆ.

ಉಪ್ಪು ಹಾಕಿದ ಮಣ್ಣಿನಲ್ಲಿ ಮತ್ತೆ ಹುಲ್ಲು ಹುಟ್ಟಿಸಲು ಏನು ಕಷ್ಟ ಗೊತ್ತಾ? ಬ್ಲೀಚ್ ಹುಲ್ಲನ್ನೂ ಸುಡುತ್ತದೆ. ಇಂಥ ಸಲಹೆ ಕೊಡುವವರು ಹಾಳಾದ ಲಾನ್ ನೋಡಲು ವಾಪಸ್ ಬರುವುದಿಲ್ಲ.

ಸುಣ್ಣದ ಮಾತೂ ಅರ್ಧ ಸತ್ಯವೇ. ಸುಣ್ಣ ತಗ್ಗಿಸುವುದು ಮಣ್ಣಿನ ಹುಳಿಯನ್ನು, ಆದರೆ ಹುಳಿ ಮಣ್ಣಲ್ಲದ ಕಡೆಯೂ ಪಾಚಿ ಚೆನ್ನಾಗಿ ಬೆಳೆಯುತ್ತದೆ. ಮಣ್ಣಿನ ಹುಳಿ ಎಷ್ಟೆಂದು ತಿಳಿಸುವ ಪಿಎಚ್ ಪರೀಕ್ಷೆ ಮಾಡಿಸದೆ ಸುಮ್ನೆ ಸುಣ್ಣ ಎರಚಬೇಡಿ. ಪಾಚಿಗೆ ನಿಜವಾದ ಬೇರಿಲ್ಲ, ಅದು ಹುಲ್ಲನ್ನು ಕೊಲ್ಲುವುದೂ ಇಲ್ಲ. ನೆರಳು, ಗಟ್ಟಿ ಮಣ್ಣು, ನಿಂತ ನೀರು, ಬೋಳು ಹೊಡೆದಂತೆ ಕತ್ತರಿಸುವುದು, ಇವುಗಳಿಂದ ಹುಲ್ಲು ಸೋತ ಜಾಗಕ್ಕೆ ಬಂದು ಕೂರುತ್ತದೆ. ಈಗಿರುವುದನ್ನು ತೆಗೆಯಲು ಫೆರಸ್ ಸಲ್ಫೇಟ್ ಸಾಕು. ಹಳಬರು ಇದನ್ನು ಅನ್ನಭೇದಿ ಅನ್ನುತ್ತಾರೆ. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ. ಕಲ್ಲು, ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಪಾಚಿ ಪೂರ್ತಿ ಕಪ್ಪಾಗಲಿ, ಆಮೇಲೆ ರೇಕ್ ಹಿಡಿಯಿರಿ. ಬೋಳಾದ ಕಡೆ ಕೂಡಲೇ ಬೀಜ ಹಾಕಿ ಅಥವಾ ಹುಲ್ಲು ನೆಡಿ.

ಪ್ರಶ್ನೆ: ಮರದ ಬುಡದಲ್ಲಿ ಬಿಸಿಲೇ ಬೀಳುವುದಿಲ್ಲ. ವರ್ಷವೂ ಪಾಚಿ ತೆಗೆದು ಸಾಕಾಗಿದೆ.

ತೆಗೆಯುವುದು ಬಿಡಿ. ಆರೋಗ್ಯವಾಗಿರುವ ಮರವನ್ನು ಕಡಿಯಲು ನಾನು ಹೇಳುವುದಿಲ್ಲ. ಕೆಳಗಿನ ಒಂದೆರಡು ಕೊಂಬೆ ಸವರಿ ನೋಡಿ. ಆಗಲೂ ದಿನಕ್ಕೆ ನಾಲ್ಕು ಗಂಟೆಯಷ್ಟಾದರೂ ಬಿಸಿಲು ಬೀಳದಿದ್ದರೆ ಅಲ್ಲಿ ಪಾಚಿಯೇ ಇರಲಿ. ತುಳಿದು ಓಡಾಡದ ಜಾಗವಾದರೆ ಅದರಷ್ಟು ಮೆತ್ತಗಿನ ಹಸಿರು ಇನ್ನೊಂದಿಲ್ಲ.