ಟ್ಯಾರಂಟುಲಾ ಮೊಟ್ಟೆ ಚೀಲವನ್ನು ತಾಯಿಯಿಂದ ಯಾವಾಗ ತೆಗೆಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮೂರು ತಿಂಗಳ ಹಿಂದೆ ಗಂಡಿನ ಜೊತೆ ಕೂಡಿದ ಹೆಣ್ಣು ಟ್ಯಾರಂಟುಲಾ (ಮೈತುಂಬ ರೋಮ ಇರುವ ದೊಡ್ಡ ಜೇಡ) ಈಗ ಮೊಟ್ಟೆ ಚೀಲ ಕಟ್ಟಿದೆ, ಆರು ದಿನ ಆಯಿತು. ಈಗಲೇ ತೆಗೆದು ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಮೊಟ್ಟೆಗೆ ಹದವಾದ ಬಿಸಿ, ತೇವ ಕೊಡುವ ಡಬ್ಬಿಯಲ್ಲಿ ಇಡಬೇಕಾ, ಇಲ್ಲ ತಾಯಿ ಹತ್ತಿರವೇ ಬಿಡಬೇಕಾ?

ಬಿಡಿ. ದಯವಿಟ್ಟು ಈಗ ಮುಟ್ಟಬೇಡಿ. ಕಟ್ಟಿದ ದಿನದಿಂದ ಎಣಿಸಿ ಸುಮಾರು 30 ದಿನ ಚೀಲ ತಾಯಿಯ ಹತ್ತಿರವೇ ಇರಲಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲ ಚೀಲವನ್ನು ನಾನು 11ನೇ ದಿನಕ್ಕೇ ತೆಗೆದೆ. ತಾಯಿ ಎಲ್ಲಿ ತಿಂದುಬಿಡುತ್ತೋ ಅನ್ನೋ ಭಯ. ಮೊಟ್ಟೆಗಳು ಮೊದಲು ಚೆನ್ನಾಗೇ ಇದ್ದವು. ಎರಡು ವಾರದಲ್ಲಿ ಒಂದೊಂದಾಗಿ ಗುಳಿ ಬಿದ್ದು, ಕಂದು ಬಣ್ಣಕ್ಕೆ ತಿರುಗಿದವು. ಒಂದು ಮರಿಯೂ ಬರಲಿಲ್ಲ. ಅಷ್ಟರಲ್ಲಿ ಹೆಣ್ಣು ಪೊರೆ ಕಳಚಿತು. ಪೊರೆ ಕಳಚುವಾಗ ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಕಳಚಿ ಹೋಗುತ್ತದೆ, ಹಾಗಾಗಿ ಹಿಂದಿನ ಕೂಡುವಿಕೆ ಲೆಕ್ಕಕ್ಕೇ ಇಲ್ಲ. ಮತ್ತೆ ಗಂಡು ಹುಡುಕಿ, ಕೂಡಿಸಿ, ಚೀಲ ನೋಡೋಕೆ ಒಂದೂವರೆ ವರ್ಷ ಹಿಡಿಯಿತು.

ತಾಯಿ ಚೀಲದ ಮೇಲೆ ಸುಮ್ನೆ ಕೂತಿರುತ್ತದೆ ಅಂತ ನಮಗೆ ಅನಿಸುತ್ತದೆ. ರಾತ್ರಿ ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ನೋಡಿ. ಮುಂದಿನ ಕಾಲುಗಳಿಂದ ಚೀಲವನ್ನು ಅಪ್ಪಿ ಹಿಡಿದು ನಿಧಾನವಾಗಿ ಹೊರಳಿಸುತ್ತದೆ. ಬೆಚ್ಚಗಿರುವ ಕಡೆಗೆ, ತೇವ ಇರುವ ಕಡೆಗೆ ಹೊತ್ತುಕೊಂಡು ಹೋಗುತ್ತದೆ. ಹೊರಳಿಸದೇ ಇದ್ದರೆ ಅಡಿಯ ಮೊಟ್ಟೆಗಳು ಮೇಲಿನ ಭಾರಕ್ಕೆ ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಮೊದಲ ಕೆಲವು ವಾರ ಮೊಟ್ಟೆಯ ಸಿಪ್ಪೆ ತುಂಬಾ ನಾಜೂಕು. ಆ ಹೊತ್ತಿನಲ್ಲಿ ತಾಯಿಗಿಂತ ಒಳ್ಳೆಯ ಇನ್‌ಕ್ಯುಬೇಟರ್ ನಾವು ಮಾಡೋಕೆ ಆಗಲ್ಲ.

ತಿಂದುಬಿಟ್ಟರೆ? ಆ ಸಾಧ್ಯತೆ ಇದ್ದೇ ಇದೆ. ಪದೇ ಪದೇ ಕದಲಿಸಿದರೆ ತಿನ್ನುತ್ತದೆ, ಮೊಟ್ಟೆ ಫಲಿಸಿರದಿದ್ದರೂ ತಿನ್ನುತ್ತದೆ. ಎರಡನೆಯದಕ್ಕೆ ನೀವು ಏನೂ ಮಾಡೋಕೆ ಆಗಲ್ಲ. ಮೊದಲನೆಯದು ನಿಮ್ಮ ಕೈಯಲ್ಲಿದೆ. ಪೆಟ್ಟಿಗೆಯನ್ನು ಜನ ಓಡಾಡದ, ಕತ್ತಲಿನ ಜಾಗದಲ್ಲಿಡಿ. ನೀರಿನ ಬಟ್ಟಲು ತುಂಬಿರಲಿ, ಒಂದು ಮೂಲೆಯ ಮಣ್ಣು ಒದ್ದೆ ಇರಲಿ. ಜೀವಂತ ಹುಳು ಬಿಡಬೇಡಿ. ಈ ಒಂದು ತಿಂಗಳು ಅದು ಉಪವಾಸ ಇದ್ದರೆ ಏನೂ ಆಗಲ್ಲ. ಚೀಲ ಜೋತು ಬಿದ್ದು, ಒದ್ದೆಯಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ಮೊದಲೇ ತೆಗೆದು ನೋಡಿ.

ಇನ್ನು ತೆಗೆಯುವ ದಿನ. ಎಷ್ಟೇ ಸಾಧು ಹೆಣ್ಣಾದರೂ ಅವತ್ತು ಮುಂಗಾಲು ಎತ್ತಿ ಎದುರಿಗೆ ನಿಲ್ಲುತ್ತದೆ. ಉದ್ದನೆಯ ಚಿಮಟದಿಂದ ಚೀಲವನ್ನು ಮೆಲ್ಲಗೆ ಎಳೆಯಿರಿ. ತಾಯಿಯ ಮೇಲೆ ಪಾರದರ್ಶಕ ಡಬ್ಬಿ ಕವುಚಿ ಹಾಕಿದರೆ ಇಬ್ಬರಿಗೂ ಕ್ಷೇಮ. ಅಮೆರಿಕ ಖಂಡಗಳ ಹಲವು ಜಾತಿಗಳ ಹೊಟ್ಟೆಯ ಮೇಲೆ ತುರಿಕೆ ರೋಮ ಇರುತ್ತದೆ. ಅವುಗಳಲ್ಲಿ ಥೆರಫೋಸಾ ಕುಲದಂಥವು ಆ ರೋಮವನ್ನು ಚೀಲದ ನೂಲಿನಲ್ಲೇ ಸೇರಿಸಿ ನೇಯುತ್ತವೆ. ಹಾಗಾಗಿ ಕೈಗವಸು, ಕನ್ನಡಕ, ಮಾಸ್ಕ್ ಬೇಕೇ ಬೇಕು. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ರೋಮ ಇಲ್ಲ, ಆದರೆ ಓಟ ಜಾಸ್ತಿ, ಕಚ್ಚಿದರೆ ನೋವೂ ಜಾಸ್ತಿ.

ಒಂದು ಮಾತು ಹೇಳಲೇಬೇಕು. ಚೀಲ ತೆಗೆದ ಮೇಲೆ ನನ್ನ ಹೆಣ್ಣು ಎರಡು ರಾತ್ರಿ ಪೆಟ್ಟಿಗೆಯ ಉದ್ದಗಲಕ್ಕೂ ಮಣ್ಣು ತಡವುತ್ತಾ ತಿರುಗಿತು. ನೋಡಿ ಕರುಳು ಚುರುಕ್ ಅಂದಿತು. ಆಗ ನೀರು ಕೊಟ್ಟು, ಕತ್ತಲು ಮಾಡಿ, ಬಿಟ್ಟುಬಿಡಿ. ಕೆಲವು ದಿನ ಕಳೆದ ಮೇಲೆ ಆಹಾರ ಕೊಡಿ, ಒಳ್ಳೆ ಹಸಿವಿನಲ್ಲಿ ಇರುತ್ತದೆ.

ಚೀಲವನ್ನು ಸಣ್ಣ ಕತ್ತರಿಯ ತುದಿಯಿಂದ, ನೂಲನ್ನು ಮೇಲಕ್ಕೆ ಎತ್ತಿ ಹಿಡಿದು ಕತ್ತರಿಸಿ. ಹೊರಪದರ ದಪ್ಪ ಕಾಗದದ ಥರ ಚರ್ ಅಂತ ಹರಿಯುತ್ತದೆ. ಒಳಗೆ ಎರಡರಲ್ಲಿ ಒಂದು ಕಾಣುತ್ತದೆ. ಒಂದೋ ತಿಳಿ ಹಳದಿಯ ದುಂಡು ಮಣಿಗಳು, ಅಂದರೆ ಇನ್ನೂ ಮೊಟ್ಟೆ. ಇಲ್ಲವೇ ಮಣಿಗೆ ಬಿಳಿ ಕಾಲು ಅಂಟಿಸಿದಂಥ ಜೀವ, ಅಲ್ಲೇ ಬಿದ್ದು ಆಗಾಗ ಮಿಡುಕುತ್ತದೆ. ಇದನ್ನು ಸಾಕುವವರು 'ಎಗ್ಸ್ ವಿತ್ ಲೆಗ್ಸ್' ಅನ್ನುತ್ತಾರೆ. ನನ್ನ ಎರಡನೇ ಚೀಲವನ್ನು 32ನೇ ದಿನ ತೆರೆದಾಗ ಕಂಡದ್ದು ಇದೇ. ಆ ಮಿಡುಕು ನೋಡಿದ ಕ್ಷಣ ಉಸಿರೇ ನಿಂತ ಹಾಗಾಯಿತು.

ಇನ್‌ಕ್ಯುಬೇಟರ್‌ಗೆ ದೊಡ್ಡ ಯಂತ್ರ ಏನೂ ಬೇಡ. ಒಂದು ಚಿಕ್ಕ ಪ್ಲಾಸ್ಟಿಕ್ ಬಟ್ಟಲಿನ ಬಾಯಿಗೆ ನೈಲಾನ್ ಕಾಲುಚೀಲದ ಬಟ್ಟೆಯನ್ನು ಜೋಲಿಯ ಹಾಗೆ ಕಟ್ಟಿ, ಮೊಟ್ಟೆಗಳನ್ನು ಅದರ ಮೇಲೆ ಒಂದೇ ಪದರವಾಗಿ ಹರಡಿ. ಈ ಬಟ್ಟಲನ್ನು ದೊಡ್ಡ ಡಬ್ಬಿಯೊಳಗೆ, ಒದ್ದೆ ಟಿಶ್ಯೂ ಕಾಗದದ ಮೇಲೆ ಇಡಿ. ಮುಚ್ಚಳಕ್ಕೆ ಸೂಜಿಯಿಂದ ಕೆಲವು ತೂತು ಮಾಡಿ. ತೂತು ದೊಡ್ಡದಾದರೆ ಸಣ್ಣ ನೊಣಗಳು ನುಗ್ಗಿ ಮೊಟ್ಟೆ ಹಾಳು ಮಾಡುತ್ತವೆ. 25ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು. ದೀಪದ ಕೆಳಗೆ ಇಡಬೇಡಿ, ಬಿಸಿ ಮಾಡುವ ಮ್ಯಾಟ್ ಮೇಲೂ ಬೇಡ. ಗಾಳಿಯಲ್ಲಿ ತೇವ ಇರಬೇಕು, ಆದರೆ ಮುಚ್ಚಳದಿಂದ ನೀರ ಹನಿ ಮೊಟ್ಟೆ ಮೇಲೆ ಬೀಳಬಾರದು. ಬಿದ್ದರೆ ಬೂಷ್ಟು ಗ್ಯಾರಂಟಿ.

ಇನ್ನೂ ಮೊಟ್ಟೆಯೇ ಇದ್ದರೆ ದಿನಕ್ಕೆ ಎರಡು ಮೂರು ಸಲ ಬಟ್ಟಲನ್ನು ಕೊಂಚ ಓರೆ ಮಾಡಿ ಹೊರಳಿಸಿ. ಕಾಲು ಮೂಡಿದ ಮೇಲೆ ಅಷ್ಟು ಬೇಡ. ದಿನಾ ಒಂದು ಸಲ ಟಾರ್ಚ್ ಹಿಡಿದು ಪರೀಕ್ಷಿಸಿ. ಕಪ್ಪಾದದ್ದು, ಬೂಷ್ಟು ಹಿಡಿದದ್ದು ಕಂಡರೆ ಒದ್ದೆ ಕುಂಚದ ತುದಿಯಿಂದ ಎತ್ತಿಬಿಡಿ. ಒಂದು ಮೊಟ್ಟೆ ಒಡೆದರೆ ಅದರ ರಸ ಪಕ್ಕದವನ್ನೂ ಹಾಳು ಮಾಡುತ್ತದೆ.

ಮುಂದೆ ಅವು ಒಂದು ಪೊರೆ ಕಳಚುತ್ತವೆ, ನಡೆಯೋಕೆ ಶುರು ಮಾಡುತ್ತವೆ, ಹೊಟ್ಟೆಯ ಮೇಲೆ ಕಪ್ಪು ಮಚ್ಚೆ ಕಾಣುತ್ತದೆ. ಇನ್ನೊಂದು ಪೊರೆ ಕಳಚಿದ ಮೇಲೆ ನಿಜವಾದ ಪುಟ್ಟ ಜೇಡ, ಬೇಟೆಗೆ ತಯಾರು. ಒಂದೊಂದು ಹಂತಕ್ಕೂ ಕೆಲವು ವಾರ ಬೇಕು. ಅಲ್ಲಿವರೆಗೆ ಒಟ್ಟಿಗೆ ಇರಬಹುದು. ಆಮೇಲೆ ಒಂದನ್ನೊಂದು ತಿನ್ನುತ್ತವೆ, ಒಂದೊಂದಕ್ಕೂ ಬೇರೆ ಡಬ್ಬಿ ಬೇಕು.

ಈ ಡಬ್ಬಿಗಳ ಲೆಕ್ಕ ಈಗಲೇ ಹಾಕಿ. ನಿಮ್ಮದು ಯಾವ ಜಾತಿ ಅಂತ ಬರೆದಿಲ್ಲ. ಪೊಸಿಲೊಥೀರಿಯಾ ಆದರೆ ನೂರು ಚಿಲ್ಲರೆ ಮರಿ ಬರಬಹುದು, ಬ್ರಾಕಿಪೆಲ್ಮಾ ಆದರೆ ಹಲವು ನೂರು, ಲೇಸಿಯೋಡೋರಾ ಪರಾಹೈಬಾನಾ ಆದರೆ ಸಾವಿರವನ್ನೂ ದಾಟಬಹುದು. ಮೊದಲ ಎರಡು ಕುಲಗಳು, ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಗಡಿ ದಾಟಿಸೋಕೆ ಪರವಾನಗಿ ಬೇಕು. ಸಾಕುವುದಕ್ಕೂ ಮಾರುವುದಕ್ಕೂ ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ನೋಡಿಕೊಳ್ಳಿ. ಜಾಸ್ತಿ ಆಯಿತು ಅಂತ ಹೊರಗೆ ಮಾತ್ರ ಬಿಡಬೇಡಿ.

ಮರಿಗಳಿಗೆ ಮೊದಲ ಊಟವಾಗಿ ಹಾರಲಾರದ ಹಣ್ಣಿನ ನೊಣ ಕೊಡಿ. ಸಿಗದಿದ್ದರೆ ಆಗಷ್ಟೇ ಕೊಂದ ಮೀಲ್‌ವರ್ಮ್ ಹುಳುವಿನ ಒಂದು ಚೂರು ಸಾಕು, ಮರುದಿನ ಉಳಿದದ್ದನ್ನು ತೆಗೆಯಿರಿ. 30ನೇ ದಿನ ಚೀಲದೊಳಗೆ ಏನು ಕಂಡಿತು ಅಂತ ಇಲ್ಲೇ ಬರೆಯಿರಿ. ಮೊಟ್ಟೆಯಾ, ಕಾಲು ಮೂಡಿದೆಯಾ ಅನ್ನೋದು ಗೊತ್ತಾದರೆ ಮುಂದಿನದನ್ನು ಹೇಳುತ್ತೇನೆ.