ಅಮ್ಮನ ಉಳಿದ ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ ಕಟ್ಟಿಸುವುದು ಸರಿಯೇ? ಕಟ್ಟಿಸಿದ ಮೇಲೆ ಹೇಗಿರುತ್ತದೆ?

ಹೊಸನಗರದಲ್ಲಿರುವ ನಿಮ್ಮ ತಾಯಿಯವರಿಗೆ 68 ವರ್ಷ, ಮೇಲ್ದವಡೆಯಲ್ಲಿ ಮೂರೇ ಹಲ್ಲು ಉಳಿದು ಅವೂ ಅಲ್ಲಾಡುತ್ತಿವೆ, ಕೆಳಗೆ ಮುಂದಿನ ಹಲ್ಲುಗಳಷ್ಟೇ ಇವೆ, ಎಲ್ಲವನ್ನೂ ಕೀಳಿಸಿ ಪೂರ್ತಿ ಸೆಟ್ ಕಟ್ಟಿಸಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ತೀರ್ಥಹಳ್ಳಿ ತಾಲ್ಲೂಕಿನವನು, ಎರಡೂ ದವಡೆಗೆ ಪೂರ್ತಿ ಸೆಟ್ ಹಾಕಿಕೊಂಡು ವರ್ಷಗಳೇ ಆಗಿವೆ. ನಮ್ಮ ಅಣ್ಣನವರಿಗೆ ಕೆಳಗಡೆ ಎರಡು ಬೇರುಗಳನ್ನು ಉಳಿಸಿಕೊಂಡು ಅವುಗಳ ಮೇಲೆ ಕೂರುವಂತೆ ಸೆಟ್ ಮಾಡಿಕೊಟ್ಟಿದ್ದಾರೆ. ಎರಡೂ ಬಗೆಯನ್ನು ಮನೆಯಲ್ಲೇ ನೋಡಿರುವುದರಿಂದ ಹೇಳುತ್ತೇನೆ: ಮೇಲಿನ ಹಲ್ಲುಗಳ ತೀರ್ಮಾನ ಬೇರೆ, ಕೆಳಗಿನವುಗಳ ತೀರ್ಮಾನ ಬೇರೆ. ಎರಡನ್ನೂ ಒಟ್ಟಿಗೇ ಮುಗಿಸಿಬಿಡುವ ಆತುರ ಬೇಡ.

ಮೇಲಿನ ಸೆಟ್ ಅಂಗುಳನ್ನು ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಅಂಗುಳಿಗೂ ನಡುವೆ ಇರುವ ಜೊಲ್ಲಿನ ತೆಳುಪದರದಿಂದಲೇ ಅದು ಹಿಡಿದು ನಿಲ್ಲುತ್ತದೆ. ಹೀಗಾಗಿ ಬಹುತೇಕರಿಗೆ ಅದು ಬೇಗ ಒಗ್ಗುತ್ತದೆ. ಕೆಳಗಿನ ಸೆಟ್ಟಿಗೆ ಅಂತಹ ಆಸರೆಯಿಲ್ಲ. ಕುದುರೆ ಲಾಳದಂತಹ ಕಿರಿದಾದ ಒಸಡಿನ ಏಣೊಂದೇ ಅದಕ್ಕೆ ನೆಲೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ ಅದನ್ನು ಸದಾ ತಳ್ಳುತ್ತಿರುತ್ತವೆ. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲಿ ವೇಗವಾಗಿಯೂ ಆಮೇಲೆ ಜೀವನಪೂರ್ತಿ ನಿಧಾನವಾಗಿಯೂ ಸವೆಯುತ್ತ ಹೋಗುತ್ತದೆ. ಈ ಸವೆತ ಕೆಳದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂದು ದಂತವೈದ್ಯರು ಲೆಕ್ಕ ಹಾಕುತ್ತಾರೆ. ಸೆಟ್ ಕಟ್ಟಿಸಿಕೊಂಡವರ ದೂರುಗಳಲ್ಲಿ ಹೆಚ್ಚಿನವು ಕೆಳಗಿನ ಸೆಟ್ಟಿನ ಬಗ್ಗೆಯೇ ಇರುವುದು ಇದರಿಂದ.

ಆದ್ದರಿಂದ ನಿಮ್ಮ ತಾಯಿಯವರ ಕೆಳಗಿನ ಹಲ್ಲುಗಳನ್ನು ಎಕ್ಸ್‌ರೇ ತೆಗೆಸದೆ ಕೀಳಿಸಬೇಡಿ. ಅಲ್ಲಿ ಎರಡು ಕೋರೆಹಲ್ಲುಗಳಷ್ಟೇ ಗಟ್ಟಿಯಾಗಿದ್ದರೂ ಅವುಗಳಿಗೆ ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಮೊಟಕುಗೊಳಿಸಿ, ಮೇಲೆ ಸೆಟ್ ಕೂರಿಸಬಹುದು. ಬೇರು ಇರುವವರೆಗೆ ಅದರ ಸುತ್ತಲಿನ ಮೂಳೆಯೂ ಬಹಳ ಮಟ್ಟಿಗೆ ಉಳಿಯುತ್ತದೆ. ನಮ್ಮ ಅಣ್ಣನವರು ಕಡುಬಿನ ಜೊತೆ ಕಾಳಿನ ಪಲ್ಯವನ್ನೂ ನೆಮ್ಮದಿಯಾಗಿ ಅಗಿಯುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದುಂಟು. ಆದರೆ ಆ ಬೇರುಗಳನ್ನು ದಿನವೂ ಉಜ್ಜಿ ಶುಚಿಯಾಗಿಡದಿದ್ದರೆ ಅವು ಹುಳುಕಾಗಿ ಹೋಗುತ್ತವೆ. ಒಂದು ಹಲ್ಲೂ ಉಳಿಯುವ ಹಾಗಿಲ್ಲವೆಂದಾದರೆ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಹಾಕಿಸಿ ಸೆಟ್ ಕೂರಿಸುವ ದಾರಿಯಿದೆ. ಹಲ್ಲಿಲ್ಲದ ಕೆಳದವಡೆಗೆ ಮೊದಲು ಯೋಚಿಸಬೇಕಾದ ಚಿಕಿತ್ಸೆ ಇದೇ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಖರ್ಚು ಮಾತ್ರ ಸಾಮಾನ್ಯ ಸೆಟ್ಟಿಗಿಂತ ಹಲವು ಪಟ್ಟು.

ಮೇಲೆ ಪೂರ್ತಿ ಸೆಟ್ ಹಾಕಿಸಿ, ಕೆಳಗೆ ಈಗಿರುವ ಮುಂದಿನ ಹಲ್ಲುಗಳನ್ನು ಹಾಗೆಯೇ ಬಿಡುವುದಾದರೆ, ಕೆಳಗಿನ ದವಡೆಹಲ್ಲುಗಳ ಜಾಗಕ್ಕೆ ಬಿಚ್ಚಿ ಹಾಕುವ ಅರ್ಧ ಸೆಟ್ಟನ್ನಾದರೂ ಕೇಳಿ. ಇಲ್ಲದಿದ್ದರೆ ಅಗಿಯುವ ಭಾರವೆಲ್ಲ ಮೇಲಿನ ಸೆಟ್ಟಿನ ಮುಂಭಾಗಕ್ಕೇ ಬಿದ್ದು, ಅಲ್ಲಿನ ಮೂಳೆ ಬೇಗ ಸವೆದು ಸೆಟ್ ಸಡಿಲವಾಗುತ್ತದೆ.

ಕೀಳಿಸುವ ಮುನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ನೋಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ. ಇನ್ನು ಎಲೆಅಡಿಕೆಯ ವಿಷಯ. ಅಡಿಕೆಯಿಂದಲೇ ಅನ್ನ ಉಣ್ಣುವ ನಮ್ಮ ಸೀಮೆಯಲ್ಲಿ ಇದನ್ನು ಹೇಳಲು ಸಂಕೋಚವಾಗುತ್ತದೆಯಾದರೂ ಹೇಳಲೇಬೇಕು: ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರ ಕೆನ್ನೆಯ ಒಳಭಾಗ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸುವಷ್ಟು ಬಾಯಿ ತೆರೆಯದಿದ್ದರೆ ಅಳತೆ ತೆಗೆಯುವುದಕ್ಕೂ ಸೆಟ್ ಒಳಗಿಡುವುದಕ್ಕೂ ತೊಡಕಾಗುತ್ತದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರೆ ಸೆಟ್ಟಿನ ಮಾತು ಬದಿಗಿಟ್ಟು ಮೊದಲು ಅದನ್ನು ಪರೀಕ್ಷೆ ಮಾಡಿಸಿ.

ಹಲ್ಲು ಕಿತ್ತ ಮೇಲೆ ಒಸಡು ಮಾಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯಿಸುತ್ತಾರೆ. ಕಿತ್ತ ದಿನವೇ ಹಾಕುವ ಸೆಟ್ಟೂ ಉಂಟು. ಒಸಡು ಕುಗ್ಗಿದಂತೆ ಅದು ಸಡಿಲವಾಗುವುದರಿಂದ ಕೆಲವೇ ತಿಂಗಳಲ್ಲಿ ಒಳಪದರ ತುಂಬಿಸಬೇಕಾಗುತ್ತದೆ. ಮೊದಲ ಅಳತೆ, ಎರಡನೆಯ ಅಳತೆ, ಮೇಲು-ಕೆಳ ದವಡೆ ಕೂಡುವ ಎತ್ತರದ ನಿಗದಿ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಸೆಟ್ ಕೊಡುವುದು, ಹೀಗೆ ಐದಾರು ಸಲವಾದರೂ ಹೋಗಬೇಕು. ಇವುಗಳಲ್ಲಿ ನೀವು ತಪ್ಪದೆ ಜೊತೆಗಿರಬೇಕಾದದ್ದು ಮೇಣದ ಹಂತದಲ್ಲಿ. ಹಲ್ಲಿನ ಬಣ್ಣ, ಗಾತ್ರ, ತುಟಿ ಉಬ್ಬಿರುವುದು, ಎಲ್ಲವನ್ನೂ ಅಂದು ಸುಲಭವಾಗಿ ಬದಲಿಸಬಹುದು, ಮೇಣ ಹೋಗಿ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಆದ ಮೇಲೆ ಆಗದು. ತಾಯಿಯವರು ನಗುತ್ತಿರುವ ಹಳೆಯ ಫೋಟೋ ಇದ್ದರೆ ವೈದ್ಯರಿಗೆ ಬಹಳ ಉಪಯೋಗವಾಗುತ್ತದೆ.

ಮೊದಲ ದಿನಗಳಲ್ಲಿ ಬಾಯಿ ತುಂಬಿದಂತಾಗಿ ಜೊಲ್ಲು ಹೆಚ್ಚಾಗುತ್ತದೆ, ಸಕಾರ ಶಕಾರ ತೊದಲುತ್ತವೆ. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿದರೆ ನಾಲಿಗೆ ಬೇಗ ದಾರಿಗೆ ಬರುತ್ತದೆ. ಒಸಡಿನಲ್ಲಿ ಒತ್ತಿ ಹುಣ್ಣಾಗುವುದು ಬಹುತೇಕ ಎಲ್ಲರಿಗೂ ಆಗುವಂಥದ್ದೇ. ಆಗ ಮನೆಯಲ್ಲಿ ಚಾಕುವಿನಿಂದ ಕೆರೆಯದೆ ವೈದ್ಯರಲ್ಲಿಗೆ ಹೋಗಿ ಸೆಟ್ಟಿನ ಒತ್ತುವ ಜಾಗವನ್ನು ಉಜ್ಜಿಸಿಕೊಳ್ಳಬೇಕು. ಹೋಗುವ ಹಿಂದಿನ ದಿನ ಮತ್ತು ಅಂದು ಬೆಳಿಗ್ಗೆ ಸೆಟ್ ಹಾಕಿಕೊಂಡಿದ್ದರೆ ಒತ್ತಿದ ಗುರುತು ಅವರಿಗೆ ಸರಿಯಾಗಿ ಕಾಣುತ್ತದೆ.

ಊಟದ ವಿಷಯದಲ್ಲಿ ಸುಳ್ಳು ಆಸೆ ಬೇಡ. ಪೂರ್ತಿ ಸೆಟ್ಟಿನ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲುಭಾಗದಷ್ಟೂ ಇರದು. ಮೊದಲ ವಾರ ಗಂಜಿ, ತಂಬುಳಿ ಅನ್ನ, ನೀರುದೋಸೆ ಸಾಕು. ಆಮೇಲೆ ಚಿಕ್ಕ ತುತ್ತುಗಳನ್ನು ಎರಡೂ ಬದಿಗೆ ಹಂಚಿಕೊಂಡು ಅಗಿಯಲು ಅಭ್ಯಾಸ ಮಾಡಬೇಕು. ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಏಳುತ್ತದೆ. ಹಲಸಿನ ತೊಳೆ ಬಿಡಿಸಿ ತುಂಡು ಮಾಡಿದರೆ ತಿನ್ನಬಹುದು, ಚಕ್ಕುಲಿ ಮುರಿದು ಬಾಯಲ್ಲಿ ನೆನೆಸಿಕೊಳ್ಳಬೇಕಾಗುತ್ತದೆ, ಇಡೀ ಪೇರಳೆ ಹಣ್ಣನ್ನು ಮುಂದಿನ ಹಲ್ಲಿನಲ್ಲಿ ಕಚ್ಚುವ ಸುಖ ನನಗಂತೂ ಮರಳಿ ಬಂದಿಲ್ಲ.

ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಮೈಮರೆತು ಹಾಕಿಕೊಂಡೇ ಮಲಗುವವರಿಗೆ ಅಂಗುಳು ಕೆಂಪಾಗಿ ಶಿಲೀಂಧ್ರದ ಸೋಂಕು ಹತ್ತುವುದು ಸಾಮಾನ್ಯ. ಬಿಸಿನೀರಿನಲ್ಲಿ ಸೆಟ್ ಸೊಟ್ಟಗಾಗುತ್ತದೆ, ಟೂತ್‌ಪೇಸ್ಟಿನಿಂದ ಗೀರು ಬೀಳುತ್ತದೆ. ಮೃದುವಾದ ಬ್ರಷ್ಷು, ಸಾಧಾರಣ ಸೋಪು ಸಾಕು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇಟ್ಟುಕೊಂಡರೆ ಕೈಜಾರಿದರೂ ಒಡೆಯುವುದಿಲ್ಲ. ವರ್ಷಕ್ಕೊಮ್ಮೆ ತೋರಿಸಿ, ಐದರಿಂದ ಏಳು ವರ್ಷಕ್ಕೆ ಹೊಸದು ಬೇಕಾಗಬಹುದು.

ಕೃತಕ ಹಲ್ಲು ಕಟ್ಟುವುದರಲ್ಲೇ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದ ಪ್ರಾಸ್ತೊಡಾಂಟಿಸ್ಟ್ ಅವರಿಗೆ ತೋರಿಸಿ. ಶಿವಮೊಗ್ಗದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಿಸಲೆಂದು ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆಯ ಬಗ್ಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಹೊಸನಗರದಿಂದ ಮಳೆಗಾಲದಲ್ಲಿ ಪದೇ ಪದೇ ಓಡಾಡುವುದು ಆ ವಯಸ್ಸಿನವರಿಗೆ ಹಿಂಸೆ, ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಕರೆದೊಯ್ಯುವವರೇ ಇರುವುದಿಲ್ಲ. ಜನವರಿ ಕೊನೆಗೆ ಕೀಳಿಸಿದರೆ ಏಪ್ರಿಲ್ ಹೊತ್ತಿಗೆ ಸೆಟ್ ಕೈಗೆ ಬರುತ್ತದೆ, ಮೇ ತಿಂಗಳಿಡೀ ಉಜ್ಜಿಸಿಕೊಂಡು ಸರಿಪಡಿಸಿಕೊಳ್ಳಲು ಸಿಗುತ್ತದೆ.