ಮೆಂಬ್ರೇನ್ ಬದಲಾಯಿಸುವ ಮುಂಚೆ ವೇಸ್ಟ್ ಪೈಪ್ ನೋಡಿ

ನೀವು ಕೇಳಿದ್ದು ಇಷ್ಟು: ಬೋರ್‌ವೆಲ್ ನೀರು, ಆರ್‌ಒ (ಕುಡಿಯುವ ನೀರು ಶುದ್ಧ ಮಾಡುವ ಮೆಷಿನ್) ತಂದು ಎರಡು ವರ್ಷ ಆಗಿದೆ, ಈಗ ಟ್ಯಾಂಕ್ ತುಂಬೋಕೆ ಅರ್ಧ ದಿನ ಹಿಡಿಯುತ್ತೆ, ಸರ್ವಿಸ್‌ನವರು ಮೆಂಬ್ರೇನ್ (ಉಪ್ಪು ತಡೆಯುವ ಒಳಗಿನ ಪೊರೆ) ಸೇರಿ ಎಲ್ಲವನ್ನೂ ಬದಲಾಯಿಸಿ ಅಂತಿದ್ದಾರೆ, ಒಪ್ಪಬೇಕಾ? ಈಗಲೇ ಒಪ್ಪಬೇಡಿ. ಮೊದಲು ಅಳೆದು ನೋಡಿ.

ನಮ್ಮದು ಕೋಲಾರದ ಕಡೆ. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಉಪ್ಪು-ಖನಿಜದ ಅಳತೆ, ಲೀಟರಿಗೆ 1100 ಮಿಲಿಗ್ರಾಂ ಆಸುಪಾಸು. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಬಂದವರು ಮೆಂಬ್ರೇನ್ ಬದಲಾಯಿಸಿದರು, ದುಡ್ಡೂ ಕೊಟ್ಟೆವು, ಆದರೂ ನೀರು ಸಣ್ಣಗೇ ಬರುತ್ತಿತ್ತು. ಕೊನೆಗೆ ಮೆಷಿನ್‌ಗೆ ಮುಂಚೆ ಕೆಸರು ಸೋಸೋಕೆ ಗೋಡೆಗೆ ಹಾಕಿರುವ ಪ್ರೀ-ಫಿಲ್ಟರ್ ಬಿಚ್ಚಿ ನೋಡಿದರೆ ಅದರೊಳಗಿನ ಸೋಸುವ ಬಿಳಿ ಕ್ಯಾಂಡಲ್ ಪೂರ್ತಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಕೈಗೆ ಲೋಳೆ ಅಂಟುತ್ತಿತ್ತು. ಹೊಸ ಕ್ಯಾಂಡಲ್ ಹಾಕಿದ ದಿನವೇ ಮೆಷಿನ್ ಸರಿಯಾಯಿತು. ಹಳೇ ಮೆಂಬ್ರೇನ್ ಸುಮ್ನೆ ಹೋಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಈಗ ನಾನು ಮಾಡುವುದು ಹೀಗೆ. ಒಳ್ಳೆ ನೀರಿನ ಪೈಪಿಗೆ ಒಂದು ಲೀಟರ್ ಬಾಟಲಿ, ಉಪ್ಪಿನ ನೀರು ಆಚೆ ಹೋಗುವ ವೇಸ್ಟ್ ಪೈಪಿಗೆ ಒಂದು ಬಕೆಟ್ ಇಟ್ಟು, ಗಡಿಯಾರ ನೋಡುತ್ತೇನೆ. 80 ಜಿಪಿಡಿ (ದಿನಕ್ಕೆ 80 ಗ್ಯಾಲನ್) ಮೆಂಬ್ರೇನ್ ಅಂದರೆ ಲೆಕ್ಕದ ಪ್ರಕಾರ ಗಂಟೆಗೆ 12 ಲೀಟರ್ ಚಿಲ್ಲರೆ. ಗಡಸು ನೀರಲ್ಲಿ ಅದಕ್ಕಿಂತ ಕಡಿಮೆಯೇ ಬರುತ್ತೆ, ಪರವಾಗಿಲ್ಲ. ಎರಡೂ ಪೈಪಲ್ಲಿ ನೀರು ಸಣ್ಣಗಿದ್ದರೆ ಒಳಗೆ ಬರುವ ನೀರೇ ಸಾಲುತ್ತಿಲ್ಲ ಅಂತ ಅರ್ಥ, ಆಗ ಪ್ರೀ-ಫಿಲ್ಟರ್, ಮೆಷಿನ್ ಒಳಗಿನ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್, ಪಂಪ್ ಹೀಗೆ ಒಂದೊಂದಾಗಿ ನೋಡಬೇಕು. ವೇಸ್ಟ್ ಜೋರಾಗಿದ್ದು ಒಳ್ಳೆ ನೀರು ಮಾತ್ರ ಸಣ್ಣಗಿದ್ದರೆ ಮೆಂಬ್ರೇನ್ ಮೇಲೆ ಉಪ್ಪು ಕಟ್ಟಿರಬಹುದು, ಇಲ್ಲವೇ ವೇಸ್ಟ್ ನೀರನ್ನು ತಡೆದು ಒತ್ತಡ ಉಳಿಸುವ ಫ್ಲೋ ರೆಸ್ಟ್ರಿಕ್ಟರ್ ಹಾಳಾಗಿ ಒತ್ತಡ ನಿಲ್ಲುತ್ತಿಲ್ಲ. ವೇಸ್ಟ್ ತುಂಬಾ ಕಡಿಮೆಯಾದರೆ ನೀರು ಉಳಿಯಿತು ಅಂತ ಖುಷಿ ಪಡಬೇಡಿ. ಆ ಉಪ್ಪೆಲ್ಲ ಆಚೆ ಹೋಗದೆ ಮೆಂಬ್ರೇನ್ ಮೇಲೇ ಕೂರುತ್ತೆ.

ಆಮೇಲೆ ಟಿಡಿಎಸ್ ಮೀಟರ್. ಒಂದು ಇಟ್ಟುಕೊಳ್ಳಿ, ಜಾಸ್ತಿ ಬೆಲೆ ಇಲ್ಲ. ನಲ್ಲಿ ನೀರು 1100, ಒಳ್ಳೆ ನೀರು 60 ಅಂದರೆ ಮೆಂಬ್ರೇನ್ ನೂರಕ್ಕೆ 94 ಪಾಲು ಉಪ್ಪು ತಡೆಯುತ್ತಿದೆ, ಉಪ್ಪು ತಡೆಯುವ ವಿಷಯದಲ್ಲಿ ಅದನ್ನು ಬದಲಾಯಿಸಿ ಅನ್ನೋಕೆ ಕಾರಣವೇ ಇಲ್ಲ. ಆದರೆ ಇಲ್ಲೊಂದು ಮುಖ್ಯ ವಿಷಯ ಇದೆ, ದಯವಿಟ್ಟು ಗಮನಿಸಿ. ಕೆಲವು ಮೆಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಸಣ್ಣ ತಿರುಪು ಇರುತ್ತೆ. "ನೀರು ಸಪ್ಪೆ, ಸ್ವಲ್ಪ ರುಚಿ ಬರಲಿ" ಅಂತ ಅದನ್ನು ತಿರುಗಿಸಿ 200ಕ್ಕೆ ಇಟ್ಟು ಹೋಗುತ್ತಾರೆ. ಅದು ಖನಿಜ ಸೇರಿಸುವ ಯಂತ್ರ ಅಲ್ಲ, ಮೆಂಬ್ರೇನ್ ದಾಟದ ಬೋರ್ ನೀರನ್ನೇ ಒಳ್ಳೆ ನೀರಿಗೆ ಬೆರೆಸುತ್ತೆ ಅಷ್ಟೆ. ನಮ್ಮ ನೀರಲ್ಲಿ 60ನ್ನು 200 ಮಾಡಬೇಕಾದರೆ ನೂರಕ್ಕೆ 13 ಪಾಲು ಬೋರ್ ನೀರು ಸೇರಬೇಕು. ಬರೀ ಗಡಸು ನೀರಿನ ಊರಲ್ಲಿ ಇದು ದೊಡ್ಡ ಮಾತಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ನಾವು ಆರ್‌ಒ ಹಾಕಿಸಿರುವುದೇ ಹಲ್ಲು, ಮೂಳೆ ಹಾಳುಮಾಡುವ ಫ್ಲೋರೈಡ್‌ಗೆ ಹೆದರಿ, ಅಲ್ವಾ? ಅಂಥ ಕಡೆ ಆ ತಿರುಪು ಪೂರ್ತಿ ಮುಚ್ಚಿರಲಿ. ಯುವಿ ದೀಪ ಕ್ರಿಮಿ ಕೊಲ್ಲುತ್ತೆ, ಫ್ಲೋರೈಡನ್ನು ತೆಗೆಯಲ್ಲ. ಟಿಡಿಎಸ್ ಮೀಟರ್ ಕೂಡ ಫ್ಲೋರೈಡ್ ಎಷ್ಟಿದೆ ಅಂತ ಹೇಳಲ್ಲ. ಭಾರತೀಯ ಮಾನಕದಲ್ಲಿ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಬೋರ್ ನೀರು, ಆರ್‌ಒ ನೀರು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮುಂದಕ್ಕೆ ಹಾಕಬೇಡಿ.

ವೇಸ್ಟ್ ನೀರು ಪಾಯಿಖಾನೆಗೆ, ನೆಲ ಒರೆಸೋಕೆ ಆಗುತ್ತೆ. ಹಸುಗಳಿಗೆ ಮಾತ್ರ ಕುಡಿಸಬೇಡಿ, ಬೋರ್ ನೀರಿಗಿಂತ ಅದರಲ್ಲಿ ಉಪ್ಪೂ ಫ್ಲೋರೈಡೂ ಜಾಸ್ತಿ.

ಪ್ರೀ-ಫಿಲ್ಟರ್ ಕ್ಯಾಂಡಲ್ ನೀವೇ ಹಾಕಬಹುದು. ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಬೌಲ್ (ಕ್ಯಾಂಡಲ್ ಕೂರುವ ಡಬ್ಬಿ) ಬಿಚ್ಚಿ, ತೊಳೆದು, ಹೊಸ ಕ್ಯಾಂಡಲ್ ಇಟ್ಟು, ರಬ್ಬರ್ ರಿಂಗ್ ಜಾಗದಲ್ಲಿ ಸರಿಯಾಗಿ ಕೂತಿದೆಯಾ ನೋಡಿ ಬಿಗಿ ಮಾಡಿ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಬೇಕಾಗುತ್ತೆ, ಮಳೆಗಾಲದಲ್ಲಿ ಇನ್ನೂ ಬೇಗ. ಹಾಕಿದ ತಾರೀಕನ್ನು ಬೌಲ್ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ.

ಇವತ್ತು ಸಂಜೆ ಒಂದು ಸಲ ಅಳೆದು, ಒಳಗೆ ಹೋಗುವ ಮತ್ತು ಆಚೆ ಬರುವ ನೀರಿನ ಟಿಡಿಎಸ್, ಒಂದು ಲೀಟರಿಗೆ ಎಷ್ಟು ನಿಮಿಷ, ಅಷ್ಟರಲ್ಲಿ ವೇಸ್ಟ್ ಎಷ್ಟು ಲೀಟರ್ ಹೋಯಿತು ಅಂತ ಬರೆಯಿರಿ. ಯಾವ ಭಾಗ ಕೈಕೊಟ್ಟಿದೆ ಅಂತ ನೋಡಿ ಹೇಳುತ್ತೇನೆ.